ಅಕ್ಕ ಚೆಲ್ಲದ ಚರಗ

ನಮ್ಮ ಕ್ರೈಸ್ತ ಸಭೆಯ ಪಂಚರ ಮುಂದೆ ನಾನು ಒಂದು ಮಾತು ಹೇಳಬೇಕಾಗಿತ್ತು, ಹೇಳಲಿಲ್ಲ. ಅದರಿಂದ ನನ್ನ ಅಕ್ಕ ಮಾರ್ಥಾ ಹಳಿಯಾಳದ ನಮ್ಮ ಸಭೆಯ ಶಾಲೆಯನ್ನು ಬಿಡಬೇಕಾಯಿತು. ನಾನು ನಾಲ್ಕನೆಯ ಇಯತ್ತೆ ದಾಟದವನು, ಬಂದಷ್ಟು ಬರೆಯುತ್ತೇನೆ.

ಅಕ್ಕ ಅಲ್ಲಿ ಶಿಕ್ಷಕಿ. ಯಾರ ಮನೆಗೆ ಹೋದರೂ ಕೇಳುವುದೇ ಅವಳ ಸ್ವಭಾವ. "ಈ ವಿಭೂತಿ ಹೆಂಗ ಮಾಡ್ತೀರಿ? ಎತ್ತಿಗೆ ಯಾಕ ಪೂಜಿ?" ರೈತರ ಹೆಂಗಸರು ನಗುತ್ತಿದ್ದರು: "ಕಿರಿಸ್ತಾನ ಅಕ್ಕೋರು ನಮ್ಮತ್ತಿಗಿಂತ ಹೆಚ್ಚ ಕೇಳ್ತಾರವ್ವ!" ಮಕ್ಕಳಿಗೆ ಅವಳು ಹೇಳುತ್ತಿದ್ದದ್ದು ಇಷ್ಟೇ: "ತಿಳಕೊಳ್ಳದ ನಗಬ್ಯಾಡ್ರಿ, ತಿಳಕೊಳ್ಳದ ಕೈನೂ ಮುಗೀಬ್ಯಾಡ್ರಿ. ಎರಡೂ ಸುಳ್ಳ."

ಒಂದು ಸೀಗಿ ಹುಣ್ಣಿಮೆಗೆ ಪರಿಚಯದ ಗೌಡರ ಗದ್ದೆಗೆ ಮಕ್ಕಳನ್ನು ಕರೆದುಕೊಂಡು ಹೋದಳು. ನಾನೂ ಹೋದೆ. ಆಗ ನನಗೆ ಇಪ್ಪತ್ತು. ಸಭೆಯ ಹಿರಿಯರೊಬ್ಬರ ಶಿಫಾರಸು ಚೀಟಿಯಿಂದ ದಾಂಡೇಲಿಯ ಕಾಗದದ ಗಿರಣಿಯಲ್ಲಿ ಬಿದಿರು ಇಳಿಸುವ ಕೆಲಸ ಸಿಕ್ಕಿತ್ತು. ಆ ದಿನ ರೈತರು ಮಾಡಿದ ಅಡುಗೆಯನ್ನು ಮೊದಲು ಭೂತಾಯಿಗೆಂದು ಪೈರಿನೊಳಗೆ ಚೆಲ್ಲುತ್ತಾರೆ, ಅದೇ ಚರಗ. ದಾರಿಯಲ್ಲೇ ಅಕ್ಕ ನನಗೆ ಹೇಳಿದ್ದಳು: "ಚೆಲ್ಲೂದು ಅವರ ಭಕ್ತಿ. ನಾವು ಆಟಕ್ಕ ಮಾಡಿದ್ರ ಅವರಿಗೂ ಅವಮಾನ, ನಮ್ಮ ದೇವರಿಗೂ ಅವಮಾನ."

ಬದುವಿನ ಮೇಲೆ ಮಕ್ಕಳನ್ನು ಕೂರಿಸಿ, ಹೊಲದ ಮೂಲೆಯ ತೆನೆಯನ್ನು ಬಡವರಿಗೆ ಬಿಡಬೇಕೆಂದು ನಮ್ಮ ಶಾಸ್ತ್ರದಲ್ಲಿರುವುದನ್ನು ಓದಿದಳು. "ಗೌಡ್ರು ಹಕ್ಕಿಗೂ ಬಿಡ್ತಾರ. ನಾವು ಯಾರಿಗೆ ಬಿಡ್ತೀವಿ?" ಎಂದು ಕೇಳಿದಳು.

ಅಷ್ಟರಲ್ಲಿ ನಾನು ಗೌಡರ ಮಕ್ಕಳ ಜೊತೆ ಕೂಗುತ್ತ, ಎರಡೂ ಕೈಯಿಂದ ಕಡಬು ಎರಚುತ್ತಿದ್ದೆ. ದೂರದಿಂದ ಯಾರೋ ನೋಡಿದರು. ಅಕ್ಕೋರ ಕಡೆಯವರು ಚರಗ ಚೆಲ್ಲಿದರೆಂದು ಊರಿಗೆ ಸುದ್ದಿ ಮುಟ್ಟಿತು.

ಪಂಚರು ಕೂಡಿದರು. "ಚೆಲ್ಲಿದವರು ಯಾರು?" ನನಗೆ ಚೀಟಿ ಕೊಟ್ಟಿದ್ದ ಅದೇ ಹಿರಿಯರು ಕೇಳಿದರು. ಅಕ್ಕ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಸ್ವಲ್ಪ ಕಾದು ಅವಳೇ ಎಂದಳು: "ಕರಕೊಂಡು ಹೋದಾಕಿ ನಾನರೀ. ಹೊಣಿ ನಂದು."

ಅವಳನ್ನು ಶಾಲೆ ಬಿಡಿಸಿದರು. ಗೋವಾ ಗಡಿಯ ಕ್ಯಾಸಲ್‌ರಾಕಿಗೆ ಹೋದಳು. ಒಂದೇ ಕೋಣೆ, ರೈಲ್ವೆಯವರ ಮಕ್ಕಳಿಗೆ ಮನೆಪಾಠ. ಅಲ್ಲಿಯೂ ಕೊಂಕಣಿ ಕಲಿತು ನೆರೆಯವರನ್ನು ಅದು ಯಾಕೆ, ಇದು ಯಾಕೆ ಎಂದು ಕೇಳುತ್ತಿದ್ದಳು. ವರ್ಷಕ್ಕೊಮ್ಮೆ ಹೋಗುತ್ತಿದ್ದೆ. ಎದುರುಬದುರು ಕೂತು ಉಣ್ಣುತ್ತಿದ್ದೆವು. "ಇನ್ನೊಂದ್ ದಿನಾ ಇರೋ, ವಾರ ಆತು ಕನ್ನಡಾ ಮಾತಾಡಿ" ಎನ್ನುವಳು. ನಾನು ಇರುತ್ತಿರಲಿಲ್ಲ. ಇದ್ದರೆ ಆ ವಿಷಯ ಬರುತ್ತದೆಂಬ ಹೆದರಿಕೆ. ಅವಳಾಗಿ ಒಮ್ಮೆಯೂ ಎತ್ತಲಿಲ್ಲ.

ಐದನೆಯ ಮಳೆಗಾಲದಲ್ಲಿ ಜ್ವರ ಬಂದು ತೀರಿಹೋದಳು. ಮಣ್ಣಿಗೆ ಹಳಿಯಾಳಕ್ಕೆ ತಂದೆವು. ಗೌಡರು ಬಂದು ಟೊಪ್ಪಿಗೆ ತೆಗೆದು ಸ್ಮಶಾನದ ಗೇಟಿನ ಹತ್ತಿರ ನಿಂತಿದ್ದರು. ಹಿರಿಯರು ಪ್ರಾರ್ಥನೆಗೆ ಮೊದಲು, "ಚಲೋ ಕಲಿಸ್ತಿದ್ಲು. ಒಮ್ಮೆ ಎಡವಿದ್ಲು. ದೇವರು ಕ್ಷಮಾ ಮಾಡ್ಲಿ" ಎಂದರು.

"ಎಡವಿದಾಂವ ನಾನರೀ," ಎಂದೆ. "ಚರಗಾ ಚೆಲ್ಲಿದಾಂವ ನಾ. ಆಕಿ ಬ್ಯಾಡಂದಿದ್ಲು."

ಪೆಟ್ಟಿಗೆಯ ಪಕ್ಕ ಮೊಣಕಾಲೂರಿದೆ.

"ಅಕ್ಕಾ, ನೀ ನನ್ನ ಕಡೆ ನೋಡಿದಾಗನ ಹೇಳಬೇಕಾಗಿತ್ತು. ಅಂಜಿ ಸುಮ್ಮನಾದೆ. ನಂದು ತಪ್ಪಾತು, ಅಕ್ಕಾ."