ಹದಿನೈದು ದಿನದ ಕರೆಂಟು

ಹರದನಹಳ್ಳಿಯ ದೊಡ್ಡಮಲ್ಲಮ್ಮ ಓದಿದ್ದು ಏಳನೇ ಕ್ಲಾಸು. ಆದರೆ ಪ್ರಶ್ನೆ ಕೇಳಲು ಕೂತಳೆಂದರೆ ಎದುರಿಗಿದ್ದವರ ಲೋಟದ ಕಾಫಿ ಆರಿಹೋಗುತ್ತಿತ್ತು. ರೇಷ್ಮೆ ಇಲಾಖೆಯ ಇನ್ಸ್‌ಪೆಕ್ಟರ್ ನೀಲಕಂಠಸ್ವಾಮಿಗೆ ಇದು ಚೆನ್ನಾಗಿ ಗೊತ್ತಿತ್ತು. ಬಿಳಿ ಗೂಡಿನ ಹೊಸ ತಳಿ ಬಂದ ವರ್ಷ ಅವರು ಮೊಟ್ಟೆಯ ಹಾಳೆ ಹಿಡಿದು ಬಂದು, "ಈ ಸಲ ಮನೆ ತುಂಬಾ ಇದನ್ನೇ ಸಾಕಿ, ಮಲ್ಲಮ್ಮೋರೆ" ಎಂದರು.

"ಅದೆಂಗಾದದು ಸಾ? ಅರ್ಧ ಮನೆಗೆ ಒಸದು, ಅರ್ಧ ಮನೆಗೆ ಅಳೇದು. ಸೊಪ್ಪು ಒಂದೇ, ಸಾಕೋ ಕೈ ಒಂದೇ. ಆಮ್ಯಾಕೆ ಯಾವ್ದು ಮೇಲು ಅಂತ ನೋಡನ."

ಹುಳು ಸಾಕುವ ಮನೆಯಲ್ಲಿ ಕಿಟಕಿಯ ಕಡೆ ತಂಪು ಜಾಸ್ತಿ. ತಾನೇ ಜಾಗ ಆರಿಸಿದರೆ ಆಸೆಗೆ ಬಿದ್ದು ಹೊಸ ಹುಳುವಿಗೇ ಒಳ್ಳೆಯ ಜಾಗ ಕೊಟ್ಟುಬಿಡುತ್ತೇನೆಂದು, ಗಂಡ ಕರಿಬಸವಯ್ಯನ ಕೈಲಿ ಚೀಟಿ ಎತ್ತಿಸಿ ಯಾವ ತಟ್ಟೆ ಎಲ್ಲಿರಬೇಕೆಂದು ಗೊತ್ತುಮಾಡಿದಳು. ಕರಿಬಸವಯ್ಯ ಮಾತು ಕಡಿಮೆಯ ಮನುಷ್ಯ. ಹೆಂಡತಿ ಏನು ಹೇಳಿದರೂ "ಊಂ" ಅನ್ನುತ್ತಿದ್ದ. ಅವನ ಮಟ್ಟಿಗೆ ಅದೇ ಭಾಷಣ.

೨೦೦೮ರ ಸಂಕ್ರಾಂತಿ ಕಳೆದ ವಾರ, ಸ್ನಾನ ಮಾಡುವಾಗ ಅವಳ ಎಡ ಎದೆಯಲ್ಲಿ ಹುಣಸೆಬೀಜದಷ್ಟು ಗಂಟು ಕೈಗೆ ಸಿಕ್ಕಿತು. ನೋವಿರಲಿಲ್ಲ. ಹುಳು ಗೂಡು ಕಟ್ಟುವ ಸಮಯ, ಬಾಯಿ ಬಿಡಲಿಲ್ಲ. ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿದ ದಿನ ಗಂಡನಿಗೆ ಹೇಳಿದಳು. ಕರಿಬಸವಯ್ಯ "ಊಂ" ಅನ್ನಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡು, "ನಡಿ, ಓಗನ" ಎಂದ.

ಚಾಮರಾಜನಗರದ ಡಾಕ್ಟರು ಮೈಸೂರಿಗೆ ಕಳಿಸಿದರು. ಮೈಸೂರಿನಲ್ಲಿ ಸ್ತನ ಕ್ಯಾನ್ಸರ್ ಎಂದು ಗೊತ್ತಾಯಿತು. ಆಪರೇಷನ್ ಮಾಡಿ ಎಡ ಸ್ತನ ತೆಗೆದರು. ಆಮೇಲೆ ಮೂರು ವಾರಕ್ಕೊಂದರಂತೆ ಆರು ಇಂಜೆಕ್ಷನ್. ಕೂದಲು ಉದುರಿದಾಗ ನೋಡಲು ಬಂದ ಓಣಿಯ ಹೆಂಗಸರು ಕಣ್ಣೀರು ಹಾಕಿದರು. "ಅಳಬ್ಯಾಡಿ ಕಣ್ರವ್ವಾ, ಎಣ್ಣೆ ಉಳೀತು ಬುಡಿ" ಎಂದು ಅವಳೇ ಅವರನ್ನು ಸಮಾಧಾನ ಮಾಡಿ ಕಳಿಸಿದಳು. ಹಿತ್ತಿಲಲ್ಲಿ ಒಬ್ಬಳೇ ಇದ್ದಾಗ ಅತ್ತದ್ದು ಯಾರಿಗೂ ತಿಳಿಯಲಿಲ್ಲ.

ಆರನೇ ಇಂಜೆಕ್ಷನ್ ಮುಗಿದ ದಿನ ಡಾಕ್ಟರು, "ಇನ್ನು ಕರೆಂಟು ಕೊಡೋದು, ಐದು ವಾರ, ಇಪ್ಪತ್ತೈದು ದಿನ" ಎಂದರು. ವಿಕಿರಣ ಚಿಕಿತ್ಸೆಗೆ ಈ ಕಡೆ ಎಲ್ಲರೂ ಹಾಗೇ ಹೇಳುವುದು. ಆಗಲೇ ಎರಡು ಬೆಳೆ ಹುಳು ಸಾಕದೆ ಮನೆ ಬಿಕೋ ಅನ್ನುತ್ತಿತ್ತು.

"ಇಪ್ಪತ್ತೈದೇ ಯಾಕೆ ಸಾ? ಕಮ್ಮಿ ಮಾಡಕಾಗಕಿಲ್ವಾ?"

ಡಾಕ್ಟರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು. "ಹೊರದೇಶಗಳಲ್ಲಿ ದಿನಕ್ಕೆ ಸ್ವಲ್ಪ ಜಾಸ್ತಿ ಕೊಟ್ಟು ಮೂರೇ ವಾರಕ್ಕೆ ಮುಗಿಸಿ ನೋಡಿದ್ದಾರೆ. ನಮ್ಮಲ್ಲೂ ಕೆಲವು ಆಸ್ಪತ್ರೆಗಳಲ್ಲಿ ಅದರ ಟ್ರಯಲ್ ನಡೀತಿದೆಯಂತೆ. ಎಲ್ಲಿ ಅಂತ ನನಗೆ ಸರಿಯಾಗಿ ಗೊತ್ತಿಲ್ಲ. ಹುಡುಕೋದಾದರೆ ಬೇಗ ಹುಡುಕಿ. ಕರೆಂಟು ತಡ ಆಗಬಾರದು."

ದೊಡ್ಡಮಲ್ಲಮ್ಮ ಅಲ್ಲಿಂದ ಮನೆಗೆ ಹೋಗಲಿಲ್ಲ. ಬಸ್ಸಿಳಿದು ನೇರ ತಮ್ಮ ಮೃತ್ಯುಂಜಯನ ಅಂಗಡಿಗೆ ಹೋದಳು. ಅವನದು ಚಾಮರಾಜನಗರದ ಕೋರ್ಟಿನ ಎದುರು ಜೆರಾಕ್ಸ್ ಅಂಗಡಿ. ಒಳಗೆ ಇಂಟರ್‌ನೆಟ್ ಇರುವ ಎರಡು ಕಂಪ್ಯೂಟರು.

"ಇಂತಾ ಟ್ರಯಲ್ಲು ಎಲ್ಲೆಲ್ಲಿ ನಡೀತಾ ಅದೆ ಅಂತ ಇದ್ರಲ್ಲಿ ಹುಡುಕ್ಲಾ."

"ಅಕ್ಕಾ, ಇದೇನು ಟೆಲಿಫೋನ್ ಡೈರೆಕ್ಟರಿನಾ?" ಎಂದು ಗೊಣಗುತ್ತಲೇ ಮೃತ್ಯುಂಜಯ ಕೂತ. ಒಂದು ಗಂಟೆ ಹುಡುಕಿದ ಮೇಲೆ, ಇಂಥ ಟ್ರಯಲ್‌ಗಳನ್ನೆಲ್ಲ ದಾಖಲು ಮಾಡಲು ಸರಕಾರವೇ ಹಿಂದಿನ ವರ್ಷ ತೆರೆದಿದ್ದ ಪಟ್ಟಿ ಸಿಕ್ಕಿತು. ಎಲ್ಲ ಇಂಗ್ಲಿಷಿನಲ್ಲಿತ್ತು. ಅವನು ಓದಿ ಓದಿ ಕನ್ನಡದಲ್ಲಿ ಹೇಳಿದ. ಮೊದಲು ಸಿಕ್ಕಿದ್ದು ಕಾಯಿಲೆ ಮೈಯೆಲ್ಲ ಹರಡಿದವರಿಗೆ. ಎರಡನೆಯದು ಇನ್ನೂ ಆಪರೇಷನ್ ಆಗದವರಿಗೆ. ಮೂರನೆಯದನ್ನು ಓದುತ್ತ ಅವನ ದನಿ ಏರಿತು. "ಮೂರು ವಾರದ ಕರೆಂಟು, ಐದು ವಾರದ ಕರೆಂಟು, ಎರಡನ್ನೂ ಹೋಲಿಸಿ ನೋಡೋದು. ಅಕ್ಕಾ, ಮೈಸೂರಲ್ಲೇ ಅದೆ!"

ಅದು ಮೈಸೂರಿನ ಬೇರೊಂದು ಆಸ್ಪತ್ರೆ, ಟ್ರಸ್ಟಿನವರದು. ಸೇರುವವರ ವಯಸ್ಸೆಷ್ಟಿರಬೇಕು, ಕೊನೆಯ ಇಂಜೆಕ್ಷನ್ ಆಗಿ ಎಷ್ಟು ವಾರದೊಳಗೆ ಬರಬೇಕು ಎಂದೆಲ್ಲ ಬರೆದಿತ್ತು. ಕೆಳಗೆ ಫೋನ್ ನಂಬರು. ದೊಡ್ಡಮಲ್ಲಮ್ಮ ನಿಂತ ಜಾಗದಿಂದಲೇ ಫೋನು ಮಾಡಿಸಿದಳು. ಟ್ರಯಲ್‌ನ ಕೆಲಸ ನೋಡಿಕೊಳ್ಳುವ ಸಿಮ್ರಾನ್ ಎಂಬ ಹುಡುಗಿ ಮಾತಾಡಿ, ಆಪರೇಷನ್ನಿನ ರಿಪೋರ್ಟುಗಳನ್ನೆಲ್ಲ ತೆಗೆದುಕೊಂಡು ನಾಡಿದ್ದು ಬನ್ನಿ ಎಂದಳು.

ಹೇಳಿದ ದಿನ ಹೋದಾಗ ಟ್ರಯಲ್ ನಡೆಸುತ್ತಿದ್ದ ಡಾಕ್ಟರಮ್ಮ ರಿಪೋರ್ಟು ನೋಡಿ, "ನೀವು ಸೇರಬಹುದು. ಆದರೆ ಮೊದಲು ಇದನ್ನು ಓದಿ, ತಿಳಿದುಕೊಂಡು, ಮನಸ್ಸಿದ್ದರೆ ಮಾತ್ರ ಸಹಿ ಹಾಕಿ" ಎಂದು ಎಂಟು ಹಾಳೆಯ ಒಪ್ಪಿಗೆ ಪತ್ರ ಕೊಟ್ಟರು. ದೊಡ್ಡಮಲ್ಲಮ್ಮ ಹೊರಗೆ ಬೆಂಚಿನ ಮೇಲೆ ಕೂತು, ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ನಾಲ್ಕನೇ ಹಾಳೆಯಲ್ಲಿ ಬೆರಳು ನಿಂತಿತು. 'ಭಾಗಿಗಳನ್ನು ಯಾದೃಚ್ಛಿಕವಾಗಿ ಎರಡು ತೋಳುಗಳಿಗೆ ಹಂಚಲಾಗುವುದು.'

"ಬಾ ಕಣಮ್ಮಿ ಇಲ್ಲಿ" ಎಂದು ಸಿಮ್ರಾನಳನ್ನು ಕರೆದಳು. "ಗಂಟಿದ್ದದ್ದು ಎದೇಲಿ. ಎರಡು ತೋಳಿಗ್ಯಾಕೆ ಕರೆಂಟು?"

ಸಿಮ್ರಾನ್ ಆ ಸಾಲನ್ನು ಎರಡು ಸಲ ಓದಿ ನಕ್ಕುಬಿಟ್ಟಳು. ಟ್ರಯಲ್‌ನ ಒಂದೊಂದು ಗುಂಪಿಗೆ ಇಂಗ್ಲಿಷಿನಲ್ಲಿ ಆರ್ಮ್, ಅಂದರೆ ತೋಳು ಎಂಬ ಹೆಸರು. ಬರೆದವರು ಅದನ್ನು ಹಾಗೇ ಕನ್ನಡಕ್ಕೆ ಇಳಿಸಿದ್ದರು. "ಎರಡು ಗುಂಪು ಅಂತ ಅರ್ಥ ಆಂಟಿ. ಯಾರು ಯಾವ ಗುಂಪಿಗೆ ಅಂತ ಕಂಪ್ಯೂಟರ್ ಹೇಳತ್ತೆ. ಡಾಕ್ಟರು ಆರಿಸೋ ಹಾಗಿಲ್ಲ, ನೀವೂ ಆರಿಸೋ ಹಾಗಿಲ್ಲ."

"ಚೀಟಿ ಎತ್ತದು ಅನ್ನು. ಅಷ್ಟಕ್ಕೆ ಇಷ್ಟುದ್ದ ಪದವಾ?"

ಪಕ್ಕದ ಬೆಂಚಿನಲ್ಲಿ ಅದೇ ಎಂಟು ಹಾಳೆ ಮಡಿಲಲ್ಲಿಟ್ಟುಕೊಂಡು ನಲವತ್ತರ ಹೆಂಗಸೊಬ್ಬಳು ಕೂತಿದ್ದಳು. "ಅಯ್ಯೋ ಅಕ್ಕಾ, ನಾನೂ ಅದೇ ಸಾಲು ಓದಿ ಹೆದರಿಹೋಗಿದ್ದೆ. ತೋಳು ಸುಟ್ಟರೆ ನಾನು ಬಟ್ಟೆ ಹೆಂಗೆ ಕತ್ತರಿಸ್ಲಿ?" ಎಂದಳು. ಅವಳು ಗುಂಡ್ಲುಪೇಟೆಯ ವಾಜಿದಾ. ರವಿಕೆ ಹೊಲಿಯುವವಳು. ಗಂಡ ಅಮೀರ್ ಜಾನ್‌ನದು ಬಸ್ ಸ್ಟ್ಯಾಂಡ್ ಹತ್ತಿರ ಹತ್ತಿಯ ಹಾಸಿಗೆ ಮಾಡುವ ಅಂಗಡಿ. "ನಮ್ಮನೇಲಿ ಬೇಡ ಅಂತಾರೆ. ಇಲಿ ಮೇಲೆ ಮಾಡೋ ಹಂಗೆ ನಮ್ಮ ಮೇಲೆ ಪ್ರಯೋಗ ಮಾಡ್ತಾರಂತೆ, ಹೌದಾ?"

ದೊಡ್ಡಮಲ್ಲಮ್ಮ ತನ್ನ ಮನೆಯ ಹೊಸ ತಳಿ, ಹಳೇ ತಳಿಯ ಕತೆ ಹೇಳಿದಳು. "ಅಳೇದ್ನ ಸಾಕದೆ ಬರೀ ಒಸದನ್ನೇ ಸಾಕಿದ್ರೆ, ಅದು ಮೇಲು ಅಂತ ಎಂಗೆ ಗೊತ್ತಾಯ್ತದೆ? ಆದ್ರೂ ನಾವು ಉಳ ಅಲ್ಲ ಕಣಮ್ಮಿ, ಮನುಸ್ರು. ಉಳಕ್ಕೆ ಬಾಯಿಲ್ಲ, ನಮಗದೆ. ಬಾ, ಕೇಳನ."

ಇಬ್ಬರೂ ಡಾಕ್ಟರಮ್ಮನ ಎದುರು ಕೂತರು. ಮೂರು ವಾರದ್ದರಲ್ಲಿ ಕಾಯಿಲೆಗೆ ಔಷಧಿ ಕಮ್ಮಿಯಾಗುವುದಿಲ್ಲವೇ? ಚರ್ಮ ಸುಟ್ಟರೆ ಯಾರು ನೋಡುವವರು? ನಡುವೆ ಬೇಡವೆನಿಸಿದರೆ? ಸೇರದಿದ್ದರೆ ಕೋಪ ಮಾಡಿಕೊಳ್ಳುತ್ತೀರಾ? ಡಾಕ್ಟರಮ್ಮ ಒಂದೊಂದಕ್ಕೂ ಉತ್ತರ ಕೊಟ್ಟರು. ಹೊರದೇಶಗಳಲ್ಲಿ ಎರಡೂ ಸರಿಸಮ ಎಂದು ಕಂಡಿದೆ. ನಮ್ಮ ಹೆಂಗಸರಿಗೂ ಹಾಗೆಯೇ ಆಗುತ್ತದೆಯೇ ಎಂದು ನೋಡಬೇಕಿದೆ, ಆಗೇ ಆಗುತ್ತದೆ ಎಂದು ನಾನು ಮಾತು ಕೊಡಲಾರೆ. ತೊಂದರೆಯಾದರೆ ಇಲ್ಲೇ ನೋಡುತ್ತೇವೆ. ಯಾವತ್ತು ಬೇಕಾದರೂ ಬಿಡಬಹುದು, ಬಿಟ್ಟರೂ ಸೇರದಿದ್ದರೂ ಮಾಮೂಲಿ ಚಿಕಿತ್ಸೆ ಸಿಕ್ಕೇ ಸಿಗುತ್ತದೆ. "ಮನೆಗೆ ತೆಗೆದುಕೊಂಡು ಹೋಗಿ, ಯೋಚನೆ ಮಾಡಿ ಬನ್ನಿ."

ಮೂರು ದಿನ ಬಿಟ್ಟು ವಾಜಿದಾ ಗಂಡನನ್ನು ಕರೆದುಕೊಂಡೇ ಬಂದಳು. ಅಮೀರ್ ಜಾನ್ ಹಾಳೆಗಳನ್ನು ಹಿಂದೆ ಮುಂದೆ ತಿರುಗಿಸಿ, "ಅಕ್ಕೋರೆ, ನೀವು ಸೇರ್ತೀರಾ?" ಎಂದು ದೊಡ್ಡಮಲ್ಲಮ್ಮನನ್ನೇ ಕೇಳಿದ.

"ನಾನ್ ಸೇರ್ತೀನಿ ಕಣಣ್ಣಾ. ನಾನ್ ಸೇರ್ತೀನಿ ಅಂತ ನೀವು ಸೇರಬ್ಯಾಡಿ. ನಿಮಗೆ ಒಪ್ಪಿಗೆ ಆಗಬೇಕು."

ಅವನು ಡಾಕ್ಟರಮ್ಮನ ಹತ್ತಿರ ಅರ್ಧ ಗಂಟೆ ಮಾತಾಡಿ ಬಂದು, ಹೆಂಡತಿಯ ಮುಖ ನೋಡಿ ತಲೆಯಾಡಿಸಿದ. ಇಬ್ಬರು ಹೆಂಗಸರೂ ಸಹಿ ಹಾಕಿದರು.

ಕಂಪ್ಯೂಟರು ವಾಜಿದಾಳಿಗೆ ಮೂರು ವಾರ ಕೊಟ್ಟಿತು. ದೊಡ್ಡಮಲ್ಲಮ್ಮನಿಗೆ ಐದು.

ಹುಡುಕಿಸಿದವಳು ಅವಳು, ಫೋನು ಮಾಡಿಸಿದವಳು ಅವಳು, ಕೊನೆಗೆ ಸಿಕ್ಕಿದ್ದು ಅದೇ ಇಪ್ಪತ್ತೈದು ದಿನ! ಈಗಲೇ ಬಿಟ್ಟು ಹೋಗುತ್ತಾಳೇನೋ ಎಂದು ಸಿಮ್ರಾನಳಿಗೆ ಭಯ. ದೊಡ್ಡಮಲ್ಲಮ್ಮ ಎದ್ದು ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದಳು. "ಚೀಟಿ ಬಂದ್ಮೇಲೆ ಬಂತು. ಮನಸಿಗೆ ಬಂದಂಗೆ ತಟ್ಟೆ ಬದಲಾಯಿಸುದ್ರೆ ಪರೀಕ್ಷೆ ಎಲ್ಲಿ ಬಂತು? ಸೋಮವಾರದಿಂದ ಬತ್ತೀನಿ" ಎಂದಳು. ಮಾತು ದೊಡ್ಡದಾಗಿಯೇ ಆಡಿದಳು, ಆದರೆ ಊರು ಸೇರುವ ತನಕ ಬಸ್ಸಿನಲ್ಲಿ ಮುಖ ಊದಿಸಿಕೊಂಡೇ ಕೂತಿದ್ದಳು. ಮನೆಯಲ್ಲಿ ವಿಷಯ ಕೇಳಿ ಕರಿಬಸವಯ್ಯ, "ಉಳಾನ ನಾನ್ ಸಾಕ್ತೀನಿ. ನೀನ್ ಓಗ್ಬುಟ್ ಬಾ" ಎಂದ. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅವನು ಅಷ್ಟು ಮಾತಾಡಿದ್ದು ಅವಳಿಗೆ ನೆನಪಿರಲಿಲ್ಲ.

ಮುಂದಿನ ವಾರಗಳು ನಗುನಗುತ್ತ ಹೋದವು. ಚಾಮರಾಜನಗರದ ಬಸ್ಸಿನಲ್ಲಿ ಇವಳು, ಗುಂಡ್ಲುಪೇಟೆಯ ಬಸ್ಸಿನಲ್ಲಿ ಅವಳು, ನಂಜನಗೂಡಿನಲ್ಲಿ ಇಳಿದು ಇಬ್ಬರೂ ಒಂದೇ ಬಸ್ಸು ಹತ್ತುತ್ತಿದ್ದರು. ದೊಡ್ಡಮಲ್ಲಮ್ಮನಿಗಾಗಿ ವಾಜಿದಾ ಬೇರೆ ಡಬ್ಬಿಯಲ್ಲಿ ಚಿತ್ರಾನ್ನ ತರುತ್ತಿದ್ದಳು.

ಅತ್ತ ಕರಿಬಸವಯ್ಯ ಹುಳು ಸಾಕುತ್ತ ದಿನಕ್ಕೆ ನಾಲ್ಕು ಸಲ ಫೋನು ಮಾಡುತ್ತಿದ್ದ. ರೇಷ್ಮೆ ಹುಳು ಮೇವು ಬಿಟ್ಟು, ಪೊರೆ ಕಳಚಲು ಸುಮ್ಮನೆ ಕೂರುವುದಕ್ಕೆ ಸಾಕುವವರು ಜ್ವರ ಎನ್ನುತ್ತಾರೆ. ಒಂದು ದಿನ ಆಸ್ಪತ್ರೆಯ ವರಾಂಡದಲ್ಲಿ ದೊಡ್ಡಮಲ್ಲಮ್ಮ ಗಟ್ಟಿಯಾಗಿ, "ಮೂರನೇ ಜ್ವರ ಬಂತಾ? ಎಲ್ಲಾ ಒಟ್ಟಿಗೆ ಮಲಗವಾ? ಮುಟ್ಟಬ್ಯಾಡಿ, ಎದ್ದ್ಮೇಲೆ ಸೊಪ್ಪು ಹಾಕಿ" ಎಂದಳು. ಪಕ್ಕದಲ್ಲಿದ್ದ ನರ್ಸ್ ಗಾಬರಿಯಿಂದ ಓಡಿಬಂದು, "ಮನೇಲಿ ಎಷ್ಟು ಜನಕ್ಕಮ್ಮ ಜ್ವರ? ಸೊಪ್ಪೆಲ್ಲ ಹಾಕಬೇಡಿ, ಡಾಕ್ಟರಿಗೆ ತೋರಿಸಿ" ಎಂದಳು. ವಾಜಿದಾ ನಗುತ್ತ ನಗುತ್ತ ಬೆಂಚಿನಿಂದ ಜಾರಿ ಕೆಳಗೆ ಕೂತುಬಿಟ್ಟಳು.

ಹದಿನೈದು ದಿನಕ್ಕೆ ವಾಜಿದಾಳ ಕರೆಂಟು ಮುಗಿಯಿತು. ದೊಡ್ಡಮಲ್ಲಮ್ಮನಿಗೆ ನಾಲ್ಕನೇ ವಾರ ಚರ್ಮ ಕೆಂಪಾಗಿ ಉರಿಯತೊಡಗಿತು. ರವಿಕೆ ತಾಗಿದರೆ ಕಣ್ಣಲ್ಲಿ ನೀರು. ಸಿಮ್ರಾನ್ ಅದನ್ನು ಬರೆದುಕೊಂಡಳು, ಡಾಕ್ಟರಮ್ಮ ಮುಲಾಮು ಕೊಟ್ಟರು. ವಿಷಯ ತಿಳಿದ ವಾಜಿದಾ ಮಾರನೇ ದಿನವೇ ನಂಜನಗೂಡಿಗೆ ಬಂದಳು. ಕೈಯಲ್ಲಿ ಮೆತ್ತನೆಯ ಹಳೇ ಹತ್ತಿ ಸೀರೆಯಿಂದ ಹೊಲಿದ ಸಡಿಲ ರವಿಕೆ. ಎಡಗಡೆ ಹೊಲಿಗೆಯೇ ಇರಲಿಲ್ಲ, ಕಟ್ಟಿಕೊಳ್ಳಲು ದಾರ. ಒಳಗೆ ಚೀಲದಂಥ ಜೇಬು. ಗಾಯ ಮಾಗಿದ ಮೇಲೆ ಅದರೊಳಗೆ ಇಟ್ಟುಕೊಳ್ಳಲು ಅಮೀರ್ ಜಾನ್ ಹಿಂಜಿ ಕೊಟ್ಟ ಹತ್ತಿಯ ಪುಟ್ಟ ದಿಂಬು. ಅದನ್ನು ನೋಡಿ, ಆಸ್ಪತ್ರೆಗೆ ಬರುತ್ತಿದ್ದ ಬೇರೆ ಹೆಂಗಸರೂ ತಮಗೂ ಬೇಕೆಂದರು. ಆ ವರ್ಷ ವಾಜಿದಾ ಅಂಥ ಅರವತ್ತು ರವಿಕೆ ಹೊಲಿದಳು.

ಇಪ್ಪತ್ತೈದನೇ ದಿನ ಮನೆಗೆ ಬಂದಾಗ ಕರಿಬಸವಯ್ಯ ಸಾಕಿದ ಹುಳು ಗೂಡು ಕಟ್ಟಿ ಮುಗಿಸಿದ್ದವು. ಕೆಲವು ಗೂಡು ತೆಳುವಾಗಿದ್ದವು. ದೊಡ್ಡಮಲ್ಲಮ್ಮ ಅದರ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ.

ಆರು ತಿಂಗಳಿಗೊಮ್ಮೆ ತಪಾಸಣೆ ನಡೆಯಿತು. ಇಬ್ಬರೂ ಚೆನ್ನಾಗಿದ್ದರು. ಯಾವುದು ಮೇಲೆಂದು ತಿಳಿಯಲು ಇನ್ನೂ ಎಷ್ಟೋ ವರ್ಷ ಬೇಕಿತ್ತು. ಆದರೆ ತೋಳಿನ ಪ್ರಸಂಗ ಆಸ್ಪತ್ರೆಯಲ್ಲೆಲ್ಲ ಹಬ್ಬಿತ್ತು. ಸಂಶೋಧನೆಗಳು ರೋಗಿಗಳಿಗೆ ನ್ಯಾಯವಾಗಿವೆಯೇ ಎಂದು ನೋಡುವ ಸಮಿತಿಯಲ್ಲಿ, ಡಾಕ್ಟರಲ್ಲದ ಸಾಮಾನ್ಯ ಜನರಲ್ಲಿ ಒಬ್ಬರು ಇರಬೇಕೆಂಬ ನಿಯಮವಿತ್ತು. ೨೦೦೯ರಲ್ಲಿ ಆ ಜಾಗ ಖಾಲಿಯಾದಾಗ ಡಾಕ್ಟರಮ್ಮ ಹರದನಹಳ್ಳಿಗೆ ಕಾಗದ ಬರೆದರು. ಅಂದಿನಿಂದ ಅಲ್ಲಿಗೆ ಬಂದ ಒಪ್ಪಿಗೆ ಪತ್ರಗಳನ್ನೆಲ್ಲ ದೊಡ್ಡಮಲ್ಲಮ್ಮ ಬೆರಳಿಟ್ಟು ಓದತೊಡಗಿದಳು. ತಾನು ಸೇರಿದ್ದ ಟ್ರಯಲ್‌ನ ಮಾತು ಬಂದಾಗ ಮಾತ್ರ ನಿಯಮದಂತೆ ಎದ್ದು ಹೊರಗೆ ಹೋಗಿ ಕೂರುತ್ತಿದ್ದಳು.

ಆ ವರ್ಷದ ಕೊನೆಗೆ ವಾಜಿದಾ ತೆರಕಣಾಂಬಿಯ ಶಿವಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಬಂದಳು. ರವಿಕೆಯ ಅಳತೆ ಕೊಡಲು ಬಂದಾಗ ಶಿವಮ್ಮ ಗಂಟಿನ ವಿಷಯ ಬಾಯಿಬಿಟ್ಟಿದ್ದಳು. ತನ್ನನ್ನೂ ಮೂರು ವಾರದ್ದಕ್ಕೆ ಸೇರಿಸಿ ಎಂಬುದೊಂದೇ ಅವಳ ಹಟ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ, ಇವರ ಹೃದಯ ಸ್ವಲ್ಪ ದುರ್ಬಲ, ಆಪರೇಷನ್, ಇಂಜೆಕ್ಷನ್ ಮುಗಿದ ಮೇಲೂ ಟ್ರಯಲ್‌ಗೆ ಹೊಂದುವುದಿಲ್ಲ ಎಂದರು. ಶಿವಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಅಳಬ್ಯಾಡ ಕಣಮ್ಮಿ" ಎಂದು ದೊಡ್ಡಮಲ್ಲಮ್ಮ ಅವಳ ಬೆನ್ನು ಸವರಿದಳು. "ಟ್ರಯಲ್ಲು ನಿಂಗೆ ಒಂದಕಿಲ್ಲ ಅಂದ್ರು, ಔಸ್ದಿ ಕೊಡಕಿಲ್ಲ ಅಂದ್ರಾ? ನಿನ್ನ ಎದೆ ಗುಂಡಿಗೇನೂ ನೋಡ್ಕಂಡು ಔಸ್ದಿ ಮಾಡ್ತಾರೆ. ಅದೇ ಒಳ್ಳೇದಲ್ವಾ?"

ಡಾಕ್ಟರಮ್ಮ ಹೌದೆಂದು, ಶಿವಮ್ಮನಿಗೆ ಒಗ್ಗುವ ಇಂಜೆಕ್ಷನ್ ಯಾವುದು, ಆಪರೇಷನ್ ಯಾವಾಗ ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ಮುಂದಿನ ಸೋಮವಾರ, ಶಿವಮ್ಮನ ಚಿಕಿತ್ಸೆ ಶುರುವಾಗುವ ದಿನ, ಮೂವರೂ ನಂಜನಗೂಡಿನಲ್ಲಿ ಮೈಸೂರಿನ ಬಸ್ಸು ಹತ್ತಿದರು. ವಾಜಿದಾ ಶಿವಮ್ಮನನ್ನು ಕಿಟಕಿ ಪಕ್ಕ ಕೂರಿಸಿದಳು. ಎರಡು ರಾತ್ರಿ ನಿದ್ದೆಯಿಲ್ಲದ ಶಿವಮ್ಮ ಸ್ವಲ್ಪ ಹೊತ್ತಿಗೆ ಅವಳ ಹೆಗಲಿಗೊರಗಿ ಗೊರಕೆ ಹೊಡೆಯತೊಡಗಿದಳು. ಮೈಸೂರು ಬರುವ ತನಕ ಇಬ್ಬರೂ ಅವಳನ್ನು ಎಬ್ಬಿಸಲಿಲ್ಲ.