ಇಳಕಲ್ಲಿನ ಕೆಂಪು ಚಿಂದಿ

ನಾನು ನಿಂತಿದ್ದದ್ದು ಜಲಪಾತದ ಮೇಲಿನ ಅಗಲವಾದ ಕರಿಬಂಡೆಯ ಮೇಲೆ, ದಾರಿ ಎರಡಾಗಿ ಒಡೆಯುವ ಜಾಗದಲ್ಲಿ. ಎಡಗೈಯಲ್ಲಿ ರೇಬಾ ಕಾಕಿಮಾರ ಶಾಲಿನ ತುದಿ ಹಿಡಿದುಕೊಂಡಿದ್ದೆ. ಡಿಸೆಂಬರಿನ ಮಧ್ಯಾಹ್ನ ಇಳಿದು ಎದುರು ಗುಡ್ಡದ ನೆತ್ತಿಯಲ್ಲಿ ಮಾತ್ರ ಬಿಸಿಲು ಉಳಿದಿತ್ತು. ಆಗ ನನಗೆ ಹನ್ನೊಂದು ವರ್ಷ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ಎಲ್ಲರೂ ನಾನು ಅಲ್ಲಿ ಇರಲೇ ಇಲ್ಲವೆಂಬಂತೆ ಮಾತಾಡಿದರು.

ಹೋದ ವಾರ ಅವ್ವನ ಟ್ರಂಕಿನ ಮುಚ್ಚಳ ತೆಗೆದಾಗ ನುಸಿಗುಳಿಗೆಯ ವಾಸನೆಯ ಅಡಿಯಿಂದ ಇನ್ನೊಂದು ವಾಸನೆ ಬಂತು. ತೊಳೆದರೂ ಹೋಗದ ಒಣ ಸಾಲ್ ಎಲೆ, ಹೊಗೆ, ಹಳೆಯ ಹತ್ತಿ ಬಟ್ಟೆ. ಅವ್ವ ಉಟ್ಟು ಸವೆಸಿದ ಇಳಕಲ್ ಸೀರೆಗಳ ಕೆಂಪು ಚಿಂದಿಗಳು ಅವು, ಇಸ್ತ್ರಿ ಮಾಡಿ, ಮಡಿಸಿ, ಒಂದು ದಾರದಲ್ಲಿ ಕಟ್ಟಿಟ್ಟವು. ಮೂಗಿಗೆ ಹಿಡಿದೆ. ಟಾಲಿಗಂಜಿನ ಆ ಮನೆ ಪೂರ್ತಿಯಾಗಿ ನೆನಪಿಗೆ ಬಂತು. ಮಳೆಗಾಲದಲ್ಲಿ ಬೆವರುವ ಕೆಂಪು ಸಿಮೆಂಟಿನ ನೆಲ, ಹಸಿರು ಬಣ್ಣದ ಕಿಟಕಿ ಬಾಗಿಲು, ಅಡುಗೆಮನೆಯ ಗೂಡಿನಲ್ಲಿ ಶೇಂಗಾ ಹಿಂಡಿಯ ಡಬ್ಬಿಯ ಪಕ್ಕದಲ್ಲೇ ಇರುತ್ತಿದ್ದ ಖರ್ಜೂರದ ಬೆಲ್ಲ. ಅಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ನೌಕರಿಗಿದ್ದು, ಧಾರವಾಡದಿಂದ ಬಂಗಾಳಕ್ಕೆ ವರ್ಗವಾಗಿ ಬಂದವರು. ನಾವು ಕೆಳಗೆ ಬಾಡಿಗೆಗೆ ಇದ್ದೆವು. ಮೇಲೆ ಮನೆಯ ಮಾಲೀಕರಾದ ಶಂಭುಕಾಕು ಮತ್ತು ಅವರ ಹೆಂಡತಿ ರೇಬಾ ಕಾಕಿಮಾ. ಬಂಗಾಳಿ ರೂಢಿಯಂತೆ ಅವರನ್ನು ಕಾಕು, ಕಾಕಿಮಾ, ಅಂದರೆ ಚಿಕ್ಕಪ್ಪ, ಚಿಕ್ಕಮ್ಮ ಎನ್ನುತ್ತಿದ್ದೆ. ನಮ್ಮ ಜೊತೆಗೆ ಅಪ್ಪನ ತಂಗಿ ನೀಲತ್ತೆ ಇದ್ದಳು. ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ಸಂಶೋಧನೆ ಮಾಡುತ್ತಿದ್ದ ಆಕೆಯ ಹಾಸಿಗೆಯ ಕೆಳಗೆ ಚಪ್ಪಲಿಗಿಂತ ಕಲ್ಲುಗಳೇ ಹೆಚ್ಚಿದ್ದವು. ಕಸ ಗುಡಿಸುವಾಗಲೆಲ್ಲ ಅವ್ವ, "ನಿನ್ನ ಗಂಡನ ಮನೀಗೆ ಬಂಡಿ ತುಂಬ ಕಲ್ಲ ಕಳಸಬೇಕಾಗ್ತದ ನೋಡು" ಎನ್ನುವಳು. "ಕಲ್ಲು ಹೊರೂ ಗಂಡ ಸಿಕ್ಕರ ಮದಿವಿ ಆಗ್ತೀನಿ ವೈನಿ" ಎಂದು ಅತ್ತೆ ನಗುವಳು.

ಚಳಿಗಾಲ ಬಂದರೆ ಶಂಭುಕಾಕು ಓಣಿಯ ಕೆಲವರನ್ನು ಕೂಡಿಸಿಕೊಂಡು ಕಾಡಿಗೆ ಹೊರಡುತ್ತಿದ್ದರು. ಹೌರಾದಲ್ಲಿ ರೈಲು ಹತ್ತಿ, ಪುರುಲಿಯಾ ಕಡೆಯ ಯಾವುದೋ ಸಣ್ಣ ನಿಲ್ದಾಣದಲ್ಲಿ ಇಳಿದು, ಜೀಪು ಮಾಡಿಕೊಂಡು ಗುಡ್ಡದ ಬುಡ ಸೇರುವುದು, ಅಲ್ಲಿಂದ ನಡಿಗೆ. ಗಂಡಸರೆಲ್ಲ ಕಿವಿ ಮುಚ್ಚುವ ಉಣ್ಣೆ ಟೋಪಿಯಲ್ಲಿ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತಿದ್ದರು. ನಮ್ಮ ಬುತ್ತಿಯಲ್ಲಿ ಖಡಕ್ ರೊಟ್ಟಿ, ಅವರದರಲ್ಲಿ ಲೂಚಿ ಎನ್ನುವ ಮೈದಾ ಪೂರಿ, ಆಲೂದಮ್, ಸಂದೇಶವೆಂಬ ಹಾಲಿನ ಸಿಹಿ. ಸಾಲ್ ಕಾಡಿನಲ್ಲಿ ಆ ಕಾಲಕ್ಕೆ ಎಲೆ ಉದುರಿ ದಾರಿ ಮುಚ್ಚಿಹೋಗುತ್ತದೆ. ಹತ್ತುವಾಗ ಕಂಡ ಕಾಲುಹಾದಿ ಇಳಿಯುವಾಗ ಕಾಣುವುದಿಲ್ಲ. ಅದಕ್ಕೆಂದೇ ಅವ್ವನ ಹಳೆಯ ಸೀರೆಗಳು ಚಿಂದಿಯಾದವು. ಹತ್ತುವಾಗ ಮುಂದಿನವರು ತಿರುವುಗಳಲ್ಲಿ ಕೊಂಬೆಗೆ ಒಂದೊಂದು ಕಟ್ಟುವರು. ಇಳಿಯುವಾಗ ಎಲ್ಲರಿಗಿಂತ ಹಿಂದೆ ಬರುವವರು ಒಂದೊಂದಾಗಿ ಬಿಚ್ಚಿಕೊಂಡು ಬರಬೇಕು. ಕಾಡಿನಲ್ಲಿ ನಮ್ಮದೊಂದು ನೂಲೂ ಉಳಿಯಬಾರದು ಎಂಬುದು ಶಂಭುಕಾಕು ಮಾಡಿದ ನಿಯಮ. ಹಾಗೆ ಹಿಂದೆ ಬರುವವರನ್ನು ನಾವು "ಬಾಲ" ಎನ್ನುತ್ತಿದ್ದೆವು. ಬಾಲ ಯಾವಾಗಲೂ ನೀಲತ್ತೆ, ಕಲ್ಲು ನೋಡುತ್ತ ಹೇಗಿದ್ದರೂ ಹಿಂದೆ ಉಳಿಯುವಳು. ಕ್ರಮೇಣ ನಮ್ಮಲ್ಲಿ ಒಂದು ರೂಢಿ ಬಂತು. ಕೆಳಗೆ ಬಂದ ಮೇಲೆ ಯಾರೂ ತಲೆ ಎಣಿಸುತ್ತಿರಲಿಲ್ಲ. ಚಿಂದಿಗಳ ಕಟ್ಟು ಬಂತೆಂದರೆ ಬಾಲ ಬಂತು, ಬಾಲ ಬಂತೆಂದರೆ ಎಲ್ಲರೂ ಬಂದರು ಎಂದೇ ಲೆಕ್ಕ.

ಜಲಪಾತವಿದ್ದ ಆ ಗುಡ್ಡಕ್ಕೆ ನಾವೆಲ್ಲ ಹೋಗಿದ್ದು ಅದೇ ಮೊದಲ ಸಲ. ನೆತ್ತಿಯಲ್ಲಿ ಕಣಿವೆ ನೋಡುವ ಒಂದು ಚಾಚುಬಂಡೆ ಇತ್ತು. ಅಲ್ಲಿ ಉಂಡು, ಚಹಾ ಕುಡಿದು ಇಳಿಯತೊಡಗಿದೆವು. ಅಪ್ಪ, ಅವ್ವ, ಉಳಿದವರು ಮುಂದೆ ಹೋದರು. ಕರಿಬಂಡೆಯ ಹತ್ತಿರ ಬಂದಾಗ ಶಂಭುಕಾಕು ಹೆಗಲು ಮುಟ್ಟಿ ನೋಡಿಕೊಂಡರು. ಅವರ ಫ್ಲಾಸ್ಕ್ ಮೇಲೆಯೇ ಉಳಿದಿತ್ತು. ಯಾರಿಗೂ ಮುಟ್ಟಲು ಕೊಡದ, ಕಂದು ಚರ್ಮದ ಪಟ್ಟಿಯ ಫ್ಲಾಸ್ಕ್ ಅದು. "ನೀಲಾ, ಹೇಗಿದ್ದರೂ ನೀನೇ ಬಾಲ. ಓಡಿ ಹೋಗಿ ತಂದುಬಿಡು, ಲಕ್ಷ್ಮೀ ಮೇಯೆ, ಜಾಣ ಹುಡುಗಿ" ಎಂದು ಅವರು ಹೇಳಿದ್ದನ್ನು ನಾನು ಕೇಳಿದೆ. ಅತ್ತೆ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿ ಕನ್ನಡದಲ್ಲಿ, "ಇವರಿಗೆ ಹೆಂಡ್ತಿ ಮರತ್ರೂ ನಡೀತದ, ಫ್ಲಾಸ್ಕ್ ಮರತ್ರ ನಡ್ಯಂಗಿಲ್ಲ ನೋಡು" ಎಂದಳು. "ಕೀ ಬೊಲ್ಛೆ ರೇ?" ಎಂದು ಕಾಕಿಮಾ ಕೇಳಿದರು. ಏನಂದಳೆಂದು ನಾನು ಬಂಗಾಳಿಯಲ್ಲಿ ಹೇಳಿದೆ. ಕಾಕಿಮಾ ನಕ್ಕು ನಕ್ಕು ಕೆಮ್ಮಿದರು. ಅತ್ತೆ ಅಲ್ಲಿಯವರೆಗೆ ಬಿಚ್ಚಿದ ಚಿಂದಿಗಳನ್ನು ಶಂಭುಕಾಕು ಕೈಗೆ ಕೊಟ್ಟು, ಎಲೆಗಳ ಮೇಲೆ ಸರಸರ ಸದ್ದು ಮಾಡುತ್ತ ಮೇಲಕ್ಕೆ ಹೋದಳು.

ಕೆಳಗಿನ ರಸ್ತೆಯಿಂದ ಜೀಪಿನ ಹಾರನ್ ಕೇಳತೊಡಗಿತು. ರೈಲಿಗೆ ಹೊತ್ತಾಗುತ್ತಿತ್ತು. ಶಂಭುಕಾಕು ಒಂದೆರಡು ಸಲ ಮೇಲೆ ನೋಡಿದರು. ಆಮೇಲೆ ಕವಲಿನಲ್ಲಿದ್ದ ಸಾಲ್ ಮರದ ಹತ್ತಿರ ಹೋಗಿ ಚಿಂದಿಯ ಗಂಟು ಎಳೆದು ಬಿಚ್ಚಿದರು. ಅವಳ ಕೆಲಸ ನಾವೇ ಮಾಡಿಕೊಂಡು ಹೋದರೆ ಅವಳು ಬೇಗ ಇಳಿಯುತ್ತಾಳೆ ಎಂದರು. ಆ ಮರದ ಬಲಕ್ಕಿದ್ದ ಸಣ್ಣ ಹಾದಿ ರಸ್ತೆಗೆ ಇಳಿಯುತ್ತಿತ್ತು. ಎಡಕ್ಕಿದ್ದದ್ದು ಅಗಲವಾದ ಹಾದಿ, ನೀರು ಬೀಳುವ ಅಂಚಿಗೆ ಹೋಗಿ ಮುಗಿಯುತ್ತಿತ್ತು. ಅಗಲವಾದದ್ದೇ ಸರಿಯಾದ ದಾರಿಯೆಂದು ಬೆಳಿಗ್ಗೆ ನಾವೆಲ್ಲ ಒಮ್ಮೆ ತಪ್ಪಿದ್ದೆವು. ಇದು ಅವರಿಗೆ ಗೊತ್ತಿತ್ತು. "ಕಾಕು, ಅತ್ತೆ ಇನ್ನೂ ಬಂದಿಲ್ಲ" ಎಂದೆ. "ನಿನ್ನ ಅತ್ತೆಗೆ ಕಾಡೆಂದರೆ ಅಡುಗೆಮನೆ ಇದ್ದ ಹಾಗೆ. ನಡಿ" ಎಂದರು. ನಾನು ಕಾಕಿಮಾರ ಮುಖ ನೋಡಿದೆ. ಅವರು ಆ ಮರವನ್ನು, ಗಂಡನ ಕೈಯಲ್ಲಿದ್ದ ಚಿಂದಿಯನ್ನು ನೋಡುತ್ತಿದ್ದರು. ಏನೋ ಹೇಳಲು ಬಾಯಿ ತೆರೆದು, ಶಾಲು ಸರಿಮಾಡಿಕೊಂಡು, ನನ್ನ ಕೈ ಎಳೆದುಕೊಂಡು ನಡೆದರು. ದಾರಿಯುದ್ದಕ್ಕೂ ಶಂಭುಕಾಕು ಉಳಿದ ಚಿಂದಿಗಳನ್ನೆಲ್ಲ ಬಿಚ್ಚುತ್ತ ಬಂದರು.

ಕೆಳಗೆ ಒಂದು ಜೀಪು ಆಗಲೇ ಹೊರಟುಹೋಗಿತ್ತು. ಅಪ್ಪ ಎಲ್ಲರೂ ಬಂದರೇ ಎಂದು ಕೇಳಿದಾಗ ಶಂಭುಕಾಕು ಹೆಗಲ ಮೇಲಿನ ಕೆಂಪು ಕಟ್ಟನ್ನು ಎತ್ತಿ ತೋರಿಸಿದರು. ಬಾಯಿಂದ ಒಂದು ಸುಳ್ಳನ್ನೂ ಹೇಳಲಿಲ್ಲ. ಅತ್ತೆ ಮೇಲೆಯೇ ಇದ್ದಾಳೆ ಎಂದು ನಾನು ಅವ್ವನಿಗೆ ಹೇಳಿದೆ, ಅಳುತ್ತ ಹೇಳಿದೆ. "ಮುಂದಿನ ಜೀಪಿನ್ಯಾಗ ಹೋಗಿರಬೇಕ, ಸುಮ್ಮ ಕೂಡು. ಚಿಂದಿ ಎಲ್ಲಾ ಬಂದಾವಲ್ಲ" ಎಂದಳು ಅವ್ವ. ನಿಲ್ದಾಣದಲ್ಲಿ ಆ ಜೀಪಿನವರು ಇಳಿದು ಚಹಾ ಕುಡಿಯುತ್ತಿದ್ದರು. ಅವರ ನಡುವೆ ನೀಲತ್ತೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಗುಡ್ಡದ ಬುಡದ ಊರಿನವರು ಆಕೆಯನ್ನು ಜಲಪಾತದ ಕೆಳಗಿನ ಬಂಡೆಗಳ ನಡುವಿನಿಂದ ಎತ್ತಿ ತಂದರು. ಫ್ಲಾಸ್ಕಿನ ಚರ್ಮದ ಪಟ್ಟಿ ಇನ್ನೂ ಎದೆಗೆ ಅಡ್ಡವಾಗಿ ಇತ್ತು. ಶಂಭುಕಾಕು ಎಲ್ಲರ ಮುಂದೆ ಅತ್ತರು. ಪೊಲೀಸರಿಗೂ ಓಣಿಗೂ ಒಂದೇ ಮಾತು ಹೇಳಿದರು. ಬೇಡವೆಂದು ಎಷ್ಟು ಹೇಳಿದರೂ ಕೇಳದೆ ಹೋದಳು, ಹಟಮಾರಿ ಹುಡುಗಿ, ಫ್ಲಾಸ್ಕಿನ ನೆಪ ಮಾಡಿ ಕಲ್ಲು ಹುಡುಕಲು ಹೋದಳು. ಓಣಿ ನಂಬಿತು. ಮದುವೆ ಬೇಡವೆಂದು ಕಲ್ಲು ಹೊರುವ ಹೆಣ್ಣು ಮಾತು ಕೇಳುವವಳಲ್ಲ ಎಂದು ನಂಬುವುದು ಎಲ್ಲರಿಗೂ ಸುಲಭವಾಗಿತ್ತು. ನಾನು ಅಪ್ಪನಿಗೆ ಕಂಡದ್ದನ್ನೆಲ್ಲ ಹೇಳಿದೆ. ಅಪ್ಪ ನನ್ನನ್ನು ಹತ್ತಿರ ಕೂರಿಸಿಕೊಂಡು ಕೇಳಿದರು, ನಂಬಿದರು ಕೂಡ. ಆಮೇಲೆ ಅವ್ವನಿಗೆ, "ಅವರ ಮನ್ಯಾಗ ಕುಂತು ಅವರ ಮ್ಯಾಲೆ ಮಾತಾಡೂದು ಹ್ಯಾಂಗ? ಹೋದಾಕಿ ತಿರುಗಿ ಬರತಾಳೇನು?" ಎಂದರು. ಅಪ್ಪನನ್ನು ನಾನು ಬಹಳ ಪ್ರೀತಿಸುತ್ತಿದ್ದೆ. ಈ ಮಾತನ್ನು ಇಂದಿಗೂ ಕ್ಷಮಿಸಿಲ್ಲ. ಸ್ವಲ್ಪ ದಿನದ ಮೇಲೆ ಕಾಕಿಮಾ ಚಿಂದಿಗಳನ್ನೆಲ್ಲ ತೊಳೆದು, ಇಸ್ತ್ರಿ ಮಾಡಿ ಕೆಳಗೆ ತಂದುಕೊಟ್ಟರು. ಅವ್ವನ ಕೈಗೆ ಕೊಡುವಾಗ ನನ್ನ ಕಡೆ ನೋಡಲಿಲ್ಲ. ಮುಂದಿನ ವರ್ಷ ನಾವು ಆ ಮನೆ ಬಿಟ್ಟೆವು. ಈಗ ಆ ಜಾಗದಲ್ಲಿ ಲಿಫ್ಟ್ ಇರುವ ಕಟ್ಟಡವಿದೆ. ಕೆಂಪು ನೆಲದ ಒಂದು ಚೂರೂ ಉಳಿದಿಲ್ಲ. ಅಪ್ಪ, ಅವ್ವ, ಶಂಭುಕಾಕು ಯಾರೂ ಇಲ್ಲ.

ಈ ಚಳಿಗಾಲದಲ್ಲಿ ಆ ಗುಡ್ಡಕ್ಕೆ ಹೋಗಿದ್ದೆ. ಕಾಲುಹಾದಿಗೆ ಸಿಮೆಂಟಿನ ಮೆಟ್ಟಿಲು ಬಂದಿದೆ, ಚಾಚುಬಂಡೆಗೆ ಕಬ್ಬಿಣದ ಕಟಾಂಜನ, ಫೋಟೋ ತೆಗೆಸಿಕೊಳ್ಳಲು ಹೃದಯದ ಆಕಾರದ ಚೌಕಟ್ಟು. ಕರಿಬಂಡೆಯ ಪಕ್ಕ, ಆ ಸಾಲ್ ಮರ ಇದ್ದ ಕಡೆ, ಬಂಗಾಳಿಯಲ್ಲಿ ಬರೆದ ಫಲಕವಿದೆ. ಮುಂದಾಳಿನ ಮಾತು ಮೀರಿ ಗುಂಪು ಬಿಟ್ಟು ಹೋದ ನೀಲಾ ಎಂಬ ಯುವತಿ ಇಲ್ಲಿ ಪ್ರಾಣ ಕಳೆದುಕೊಂಡಳು, ದಯವಿಟ್ಟು ಗುಂಪಿನೊಡನೆ ಇರಿ, ಎಂದು. ಕೆಳಗೆ, ಶಂಭುಕಾಕು ಸ್ಮರಣಾರ್ಥ ಅವರ ಮಗನ ಕೊಡುಗೆ. ಕಾಲೇಜಿನ ಹುಡುಗಿಯರಿಬ್ಬರು ಅದನ್ನು ಜೋರಾಗಿ ಓದಿ, "ಎಂಥ ಬೋಕಾ" ಎಂದು ನಕ್ಕು ಮುಂದೆ ಹೋದರು. ಪೆದ್ದಿ ಎಂದು. ನಾನು ಫಲಕವನ್ನು ಮತ್ತೊಮ್ಮೆ ಮೊದಲಿಂದ ಓದಿದೆ. ಆ ಬಂಡೆಯ ಮೇಲೆಯೇ ಕುಳಿತೆ.

ವಾಪಸು ಬಂದು ಅವ್ವನ ಟ್ರಂಕು ತೆಗೆದು, ಚಿಂದಿಗಳ ಕಟ್ಟು ತೆಗೆದುಕೊಂಡು ನ್ಯೂ ಟೌನ್‌ಗೆ ಹೋದೆ. ಕಾಕಿಮಾ ಈಗ ಮಗನ ಫ್ಲಾಟಿನಲ್ಲಿದ್ದಾರೆ. ಮಗ ಕೆಲಸಕ್ಕೆ ಹೋಗಿದ್ದ. ತೊಂಬತ್ತರ ಹತ್ತಿರದ ವಯಸ್ಸು, ಆದರೂ ಗುರುತು ಹಿಡಿದರು, ತಿನ್ನಲು ಸಂದೇಶ ಕೊಟ್ಟರು. ಫಲಕ ಬದಲಾಗಬೇಕು, ನೀವು ಮಗನಿಗೆ ಒಂದು ಮಾತು ಹೇಳಿದರೆ ಸಾಕು ಎಂದೆ. ಅವರು ಸಂದೇಶದ ತಟ್ಟೆಯನ್ನು ನನ್ನ ಕಡೆ ಸರಿಸಿದರು.

"ಸತ್ತವರ ಹೆಸರು ಯಾಕೆ ಕೆಡಿಸೋದು, ಮಾ?"

"ಇಬ್ಬರೂ ಸತ್ತವರೇ, ಕಾಕಿಮಾ."

ಕಟ್ಟನ್ನು ಅವರ ಮಡಿಲಲ್ಲಿಟ್ಟೆ. ಒಂದು ಚಿಂದಿಯ ತುದಿಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಕವಲಿನ ಮರದ್ದು ಇದು" ಎಂದರು. ಅದರ ಒಂದು ಕೊನೆ ಹರಿದಿತ್ತು. ಗಂಟು ಬಿಗಿದಿತ್ತು, ಅವರು ಎಳೆದುಬಿಟ್ಟರು, ಎಂದರು. ಅಷ್ಟು ಹೇಳಿ ಕಟ್ಟನ್ನು ಮತ್ತೆ ಮೊದಲಿನಂತೆ ಮಡಿಸಿ ನನ್ನ ಕೈಗೆ ಕೊಟ್ಟು, ಮಗ ಬರುವ ಹೊತ್ತಾಯಿತು, ನೀನು ಹೊರಡು ಎಂದರು.

ಫಲಕ ಹಾಗೆಯೇ ಇದೆ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನೀಲತ್ತೆ ಯಾರ ಮಾತನ್ನೂ ಮೀರಲಿಲ್ಲ. ಆಕೆಯನ್ನು ಕಳಿಸಿದರು, ಆಕೆ ಬರುವ ಮೊದಲೇ ದಾರಿಯ ಗುರುತು ಬಿಚ್ಚಿದರು. ಅದನ್ನು ನಾನು ನೋಡಿದೆ. ನನ್ನ ಜೊತೆ ನಿಂತು ನೋಡಿದವರು ಇನ್ನೊಬ್ಬರು ಇದ್ದಾರೆ, ನ್ಯೂ ಟೌನಿನ ಫ್ಲಾಟಿನಲ್ಲಿ ಬದುಕಿದ್ದಾರೆ, ಎಲ್ಲವೂ ಅವರ ನೆನಪಿನಲ್ಲಿದೆ. ಅವರ ಹೆಸರು ರೇಬಾ.