ಅತ್ತೆ ಹಿಡಿದ ಮಳೆ

ಹೆದ್ದಾರಿಯನ್ನು ಅಗಲ ಮಾಡುತ್ತಿದ್ದ ವರ್ಷವದು. ಹಿರಿಯೂರಿನಲ್ಲಿ ಹೊಸದುರ್ಗದ ಬಸ್ಸು ಹೊರಡುವ ಮೊದಲೇ ಮಳೆ ಬಂತು. ನನ್ನ ಸೋದರತ್ತೆ ಚೀಲದಿಂದ ಸ್ಟೀಲ್ ಲೋಟ ತೆಗೆದು ಕಿಟಕಿಯಾಚೆ ಹಿಡಿದಳು. ವರ್ಷದ ಮೊದಲ ಮಳೆಯನ್ನು ಮನೆಮಂದಿಯೆಲ್ಲ ಒಂದೊಂದು ಗುಟುಕು ಕುಡಿಯುವುದು ಆದಿವಾಲದ ನಮ್ಮ ಮನೆಯ ರೂಢಿ. ಚಿಕ್ಕಂದಿನಲ್ಲಿ ಅಂಗಳದ ಹಿತ್ತಾಳೆ ಚೊಂಬು ತುಂಬುವುದನ್ನೇ ಕಾದು ಕೂರುತ್ತಿದ್ದೆ.

ಈಗ ನಾನು ಕೆಮಿಸ್ಟ್ರಿ ಮೇಷ್ಟ್ರು, ಸುಮ್ಮನಿರಲಾಗಲಿಲ್ಲ. "ಕುಡೀಬ್ಯಾಡ ಅತ್ತೆ. ಲಾರಿಗಳ ಹೊಗೆ ಮ್ಯಾಲೆ ಹೋಗಿ ಮೋಡದ ನೀರಿನಾಗೆ ಸೇರಿ ಆಸಿಡ್ ಆಗತೈತೆ, ಹುಳಿ ಇದ್ದಂಗೆ. ಅದೇ ಮಳೆಯಾಗಿ ಬೀಳತೈತೆ."

"ಮಳೇನೂ ಹುಳಿ ಆಗತೈತೇನಪ್ಪ?" ಎಂದು ನನ್ನ ಮುಖ ನೋಡಿ ನೀರನ್ನು ಹೊರಗೆ ಚೆಲ್ಲಿದಳು. ಖಾಲಿ ಲೋಟ ಮಡಿಲಲ್ಲೇ ಇತ್ತು.

ಬಸ್ಸು ಹೆದ್ದಾರಿ ಬಿಟ್ಟು ಹೊಲಗಳ ನಡುವೆ ಬಹಳ ದೂರ ಓಡಿತು. ಯಾವುದೋ ಹಳ್ಳಿಯಲ್ಲಿ ನಿಂತಾಗ ಮತ್ತೆ ಹನಿ ಶುರುವಾಯಿತು. ಅತ್ತೆ ರಸ್ತೆಯ ಎರಡೂ ಕಡೆ ನೋಡಿ ಲೋಟ ಹೊರಗೆ ಹಿಡಿದಳು. "ಇಲ್ಲಿ ಲಾರಿ ಒಂದೂ ಇಲ್ಲ. ನೀನೇ ಮೊದ್ಲು ಕುಡಿ."

ಹಿರಿಯೂರಿನ ಮೋಡವೇ ಗಾಳಿಗೆ ನಮ್ಮ ಹಿಂದೆ ಬಂದಿತ್ತು. ಅದನ್ನು ಹೇಳಲಿಲ್ಲ. ಒಂದು ಗುಟುಕು ಕುಡಿದೆ.

"ಹುಳಿ ಐತೇನೋ?"

"ಇಲ್ಲ ಅತ್ತೆ. ಚೊಂಬಿನ ನೀರಿನಂಗೇ ಐತೆ."